ಅಲ್ಲಿ ಎಷ್ಟು ಇಂಚು?

ವಿದೇಶ ಪ್ರವಾಸದ ಕೊನೆಯ ವಾರವನ್ನು ಪ್ರವಾಸದ ಲೆಕ್ಕಕ್ಕೆ ಸೇರಿಸಬಾರದು. ಅದು ತೂಕ ಮಾಡುವ ವಾರ. ಎಡಿನ್‌ಬರೋದ ಮಗಳ ಮನೆಯಲ್ಲಿ ರಾತ್ರಿ ಊಟ ಮುಗಿದ ಕೂಡಲೇ ನನ್ನ ಹೆಂಡತಿ ಸೂಟ್‌ಕೇಸಿನ ಹಿಡಿಗೆ ತೂಕದ ಕೊಕ್ಕೆ ಸಿಕ್ಕಿಸುತ್ತಿದ್ದಳು. "ರೀ, ಸ್ವಲ್ಪ ಎತ್ತಿ ಹಿಡೀರಿ." ಎತ್ತಿದರೆ ಸಾಲದು. ಆ ಪುಟ್ಟ ಯಂತ್ರ ಪೀಂ ಅನ್ನುವ ತನಕ ಅಲ್ಲಾಡದೆ ನಿಲ್ಲಬೇಕು. 24.3. ಟಿಕೆಟ್ಟಿನಲ್ಲಿ ಬರೆದಿರುವುದು ಒಬ್ಬರಿಗೆ 23 ಕಿಲೋ. ಒಂದು ಸ್ವೆಟರ್ ಹೊರಗೆ, ಒಂದು ಡಬ್ಬ ಇನ್ನೊಂದು ಪೆಟ್ಟಿಗೆಗೆ. ಮತ್ತೆ ಎತ್ತು. ಈಗ ಇನ್ನೊಂದು ಪೆಟ್ಟಿಗೆ 23.8. ತೋಟದಲ್ಲಿ ಕಾಫಿ ಮೂಟೆ ಎತ್ತುವಾಗ ನೋಯದ ಸೊಂಟ ಅಲ್ಲಿ ನೋಯಿತು.

ಹೋಗುವಾಗ ತುಂಬಿದ್ದ ಪೆಟ್ಟಿಗೆ ಬರುವಾಗ ಖಾಲಿ ಆಗಿರಬೇಕು. ಅದು ನ್ಯಾಯ. ನಾವು ಕೊಂಡೊಯ್ದದ್ದು ಕಾಫಿಪುಡಿ, ಕಾಳುಮೆಣಸು, ಕಡಂಬುಟ್ಟು ಅನ್ನುವ ನಮ್ಮ ಅಕ್ಕಿ ಕಡುಬಿಗೆ ಅಕ್ಕಿ ತರಿ, ಮತ್ತೆ ಕಾಲುಚೀಲದೊಳಗೆ ಸುತ್ತಿಟ್ಟ ಒಂದು ಬಾಟಲಿ ಕಾಚಂಪುಳಿ, ಅಂದರೆ ಸಾರಿಗೆ ಹಾಕುವ ನಮ್ಮ ಕಪ್ಪು ಹುಳಿ. ಎಲ್ಲ ಅಲ್ಲೇ ಇಳಿಸಿದೆವು. ಆ ಜಾಗಕ್ಕೆ ಬಂದು ಕೂತದ್ದು ಶಾರ್ಟ್‌ಬ್ರೆಡ್ ಬಿಸ್ಕತ್ತು. ಅದು ಬರುವುದು ಚೌಕಳಿ ಬಟ್ಟೆಯ ಚಿತ್ರ ಇರುವ ತಗಡಿನ ಡಬ್ಬದಲ್ಲಿ. ಬಿಸ್ಕತ್ತನ್ನು ಡಬ್ಬದಿಂದ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕೋಣ, ತೂಕ ಉಳಿಯುತ್ತದೆ ಅಂದೆ. ಹೆಂಡತಿ ನನ್ನನ್ನು ಒಂಥರಾ ನೋಡಿದಳು. ಆಕೆ ತೆಗೆದುಕೊಂಡಿದ್ದೇ ಡಬ್ಬ. ಬಿಸ್ಕತ್ತು ಅದರ ಜೊತೆಗೆ ಬಂದದ್ದು.

ಇನ್ನು ಬಾಟಲಿಯ ವಿಷಯ. ಸ್ಕಾಟ್ಲೆಂಡಿಗೆ ಹೋದವನು ಬರಿಗೈಯಲ್ಲಿ ಕೊಡಗಿಗೆ ಬಂದರೆ ಮುಂದಿನ ಮದುವೆಯಲ್ಲಿ ಮುಖ ತೋರಿಸುವ ಹಾಗಿಲ್ಲ. ಸುಂಕ ಇಲ್ಲದೆ ಒಬ್ಬರು 2 ಲೀಟರ್ ತರಬಹುದು. ನನ್ನ ಹೆಂಡತಿಗೂ 2 ಲೀಟರ್ ಇದೆ ಅನ್ನುವುದು ನಮ್ಮ ನೆಂಟರಿಗೆಲ್ಲ ನನಗಿಂತ ಮೊದಲೇ ಗೊತ್ತಿತ್ತು. ಅವೇ ಬಾಟಲಿಗಳು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೂ ಸಿಗುತ್ತವಲ್ಲ ಅಂತ ಭಾವನಿಗೆ ಫೋನಿನಲ್ಲಿ ಹೇಳಿದೆ. "ಸಿಗ್ತದೆ. ಆದ್ರೆ ಅಲ್ಲಿಂದ ತಂದದ್ದು ಅಂತ ಹೇಳೋಕಾಗಲ್ಲವಲ್ಲ" ಅಂದರು. ಮೂರು ವರ್ಷವಾದರೂ ಸ್ಕಾಟ್ಲೆಂಡಿನೊಳಗೇ ಓಕ್ ಪೀಪಾಯಿಯಲ್ಲಿ ಮಲಗಿರದಿದ್ದರೆ ಅದನ್ನು ಸ್ಕಾಚ್ ಅಂತ ಕರೆಯುವ ಹಾಗಿಲ್ಲ. ಅದು ಅಲ್ಲಿಯ ಕಾನೂನು. ಭಾವನ ಕಾನೂನು ಅದಕ್ಕಿಂತ ಬಿಗಿ.

ಇದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ಸಹಿಸಲು ಆಗದೇ ಇದ್ದದ್ದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದಿನಾ ಬರುತ್ತಿದ್ದ ಒಂದೇ ಪ್ರಶ್ನೆ. "ಹೇಗಿದೆ ಒರಿಜಿನಲ್ ಸ್ಕಾಟ್ಲೆಂಡ್? ನಮ್ಮ ಕೊಡಗಿನ ಹಾಗೇ ಉಂಟಾ?"

ಭಾರತದ ಸ್ಕಾಟ್ಲೆಂಡ್ ಅನ್ನುವ ಈ ಬಿರುದು ನಮಗೆ ಯಾರು ಅಂಟಿಸಿದರೋ, ಈಗ ಅದು ಕಿತ್ತರೂ ಬರುವುದಿಲ್ಲ. ಕುಶಾಲನಗರ ದಾಟಿದ ಕೂಡಲೇ ಹೋಂಸ್ಟೇ ಬೋರ್ಡುಗಳಲ್ಲಿ ಶುರುವಾಗುತ್ತದೆ. ಹೋಮ್‌ಮೇಡ್ ಚಾಕಲೇಟು ಅಂಗಡಿಯ ಮೇಲೂ ಅದೇ. ಮಗಳಿಗೂ ಬೇರೆ ದಾರಿ ಇರಲಿಲ್ಲ ಅಂತ ಕಾಣುತ್ತದೆ, ಪಕ್ಕದ ಮನೆಯ ಅಜ್ಜಿಗೆ ನಮ್ಮನ್ನು ಪರಿಚಯ ಮಾಡಿಸುವಾಗ, ನಮ್ಮೂರನ್ನು ಭಾರತದ ಸ್ಕಾಟ್ಲೆಂಡ್ ಅಂತ ಕರೆಯುತ್ತಾರೆ ಅಂದಳು. ಅಜ್ಜಿ ಒಂದು ಸಲ ಆಕಾಶ ನೋಡಿದರು. ಜೂನ್ ತಿಂಗಳು. ಸಮುದ್ರದ ಕಡೆಯಿಂದ ಅವರು 'ಹಾರ್' ಅನ್ನುವ ಮಂಜು ಬಂದು ಬೀದಿಯ ಆ ತುದಿ ಕಾಣುತ್ತಿರಲಿಲ್ಲ. "ಅಯ್ಯೋ ಪಾಪ" ಅನ್ನುವ ಮುಖ ಮಾಡಿ, "ಹಾಗಾದ್ರೆ ನಿಮಗೂ ಬೇಸಿಗೆ ಇಲ್ವಾ?" ಅಂತ ಕೇಳಿದರು.

ಹೋಲಿಸಲೇಬೇಕು ಅಂದರೆ ಸರಿಯಾಗಿ ಹೋಲಿಸೋಣ. ಅಲ್ಲಿ ಬೆನ್ ನೆವಿಸ್ ಅಂತ ಒಂದು ಬೆಟ್ಟ ಇದೆ. ಇಡೀ ಬ್ರಿಟನ್ನಿಗೆ ಅದೇ ಎತ್ತರ, 1,345 ಮೀಟರ್. ನಮ್ಮ ತಡಿಯಂಡಮೋಳ್ 1,748. ಎಡಿನ್‌ಬರೋ ಊರೊಳಗೆ ಆರ್ಥರ್ಸ್ ಸೀಟ್ ಅಂತ ಒಂದು ಗುಡ್ಡ, ಹಿಂದೊಂದು ಕಾಲದ ಜ್ವಾಲಾಮುಖಿ, 251 ಮೀಟರ್. ಜನ ಅದನ್ನು ಹತ್ತಿ, ಹತ್ತಿದೆವು ಅಂತ ಫೋಟೋ ಹಾಕುತ್ತಾರೆ. ನಮ್ಮ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ನಿಂತವನೂ ಅದಕ್ಕಿಂತ ನಾಲ್ಕು ಪಟ್ಟು ಮೇಲಿರುತ್ತಾನೆ. ಇದನ್ನು ಗುಂಪಿನಲ್ಲಿ ಹಾಕಿದೆ. ಹೆಬ್ಬೆರಳುಗಳು ಬಂದವು. ಮರುದಿನ ಬೆಳಿಗ್ಗೆ ಇನ್ನೊಬ್ಬ ಚಿಕ್ಕಪ್ಪ, "ಹೇಗಿದೆ ಒರಿಜಿನಲ್ ಸ್ಕಾಟ್ಲೆಂಡ್?"

ಮಳೆಯ ಲೆಕ್ಕ ತೆಗೆದರಂತೂ ಮುಗಿದೇ ಹೋಯಿತು. ಎಡಿನ್‌ಬರೋದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 28 ಇಂಚು. ಜುಲೈ ಸರಿಯಾಗಿ ಹಿಡಿದುಕೊಂಡರೆ ನಮ್ಮ ಕಡೆ ಅದು ಹದಿನೈದು ದಿನದ ಮಾತು. ಇಂಚು ಅಂದದ್ದಕ್ಕೆ ಹೊರಗಿನವರು ನಗಬಹುದು. ಸರಕಾರ ಮಿಲಿಮೀಟರ್ ಅನ್ನಲಿ, ಟೀವಿಯವರು ಸೆಂಟಿಮೀಟರ್ ಅನ್ನಲಿ, ಕೊಡಗಿನ ತೋಟಗಳಲ್ಲಿ ಮಳೆ ಬೀಳುವುದು ಇಂಚು, ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ಮದುವೆಗೆ ಹೋದರೆ ಊಟ ಆಯ್ತಾ ಅಂತ ಆಮೇಲೆ ಕೇಳುತ್ತಾರೆ, "ನಿಮ್ಮಲ್ಲಿ ಎಷ್ಟು ಬಂತು?" ಮೊದಲು.

ನಮ್ಮ ಮನೆಯ ಮುಂದೆ ಕಾಫಿ ಒಣಗಿಸುವ ಕಣದ ಅಂಚಿಗೆ ಒಂದು ರೇನ್ ಗೇಜ್ ಇದೆ. ಅಪ್ಪ ಇಟ್ಟದ್ದು. ಮೇಲೆ ಆಲಿಕೆ, ಒಳಗೆ ಬಾಟಲಿ, ಅದರ ಸುತ್ತ ಹೊರಗಿನ ಡಬ್ಬ. ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗೆರೆ ಇರುವ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಅಪ್ಪ ಓದುವಾಗ ಯಾರೂ ಮಾತಾಡುವ ಹಾಗಿರಲಿಲ್ಲ. ಆಮೇಲೆ ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ಬರೆಯುವುದು. ಅಪ್ಪನಿಗೆ ಜ್ವರ ಬಂದ ದಿನ ಅಮ್ಮ ಬರೆದದ್ದು ಇದೆ. ಅಪ್ಪ ಹೋದ ದಿನ ಯಾರು ಬರೆದರೋ, 65 ಸೆಂಟ್ ಅಂತ ಇದೆ.

ಇದು ಹವ್ಯಾಸ ಅಂತ ತಿಳಿಯಬೇಡಿ. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಒಂದು ಇಂಚಾದರೂ ಬಿದ್ದರೆ ರೊಬಸ್ಟಾ ಕಾಫಿ ಒಟ್ಟಿಗೆ ಅರಳುತ್ತದೆ. ಮೂವತ್ತು ಸೆಂಟ್ ಬಂದು ನಿಂತರೆ ಇತ್ತ ಹೂವೂ ಸರಿಯಾಗಿ ಇಲ್ಲ, ಅತ್ತ ಮೊಗ್ಗೂ ಇಲ್ಲ. ಆಗ ಹೊಳೆಗೆ ಮೋಟಾರು ಇಟ್ಟು ಸ್ಪ್ರಿಂಕ್ಲರ್ ಎಳೆಯಬೇಕು, ಡೀಸೆಲಿಗೆ ದುಡ್ಡು ಸುರಿಯಬೇಕು. ಜುಲೈ ಆಗಸ್ಟಿನಲ್ಲಿ ಬಿಡದೆ ಹೊಡೆದರೆ ಕೊಳೆರೋಗ, ಕಾಯಿ ಉದುರುವುದು. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಜಾರಿ ಮನೆ, ತೋಟ, ರಸ್ತೆ ಎಲ್ಲ ಮಣ್ಣಿನಡಿ ಹೋದ ಮೇಲೆ ಆ ಪುಸ್ತಕವನ್ನು ನಾನು ಬೇರೆ ಥರ ಓದುತ್ತೇನೆ. ಮೂರು ದಿನದ ಮೊತ್ತ ಕೂಡಿಸುತ್ತೇನೆ. ಕೂಡಿಸಿ ಮನೆಯ ಹಿಂದಿನ ಕಡಿದಾದ ಮಣ್ಣಿನ ಬರೆಯ ಕಡೆ ನೋಡುತ್ತೇನೆ. ಇದೇ ಹೊತ್ತಿಗೆ ಬೆಂಗಳೂರಿನಿಂದ ಯಾರೋ ಫೋನ್ ಮಾಡಿ, ಮಳೆ ಚೆನ್ನಾಗಿದೆಯಂತೆ, ಈ ವೀಕೆಂಡ್ ಬಂದರೆ ಫಾಲ್ಸ್ ನೋಡಬಹುದಾ ಅನ್ನುತ್ತಾರೆ. ಅವರಿಗೆ ಏನು ಹೇಳಲಿ? ಫೋನ್ ಹೆಂಡತಿಗೆ ಕೊಡುತ್ತೇನೆ. ಆಕೆ ನನಗಿಂತ ಒಳ್ಳೆಯವಳು.

ಹೊಳೆಯಾಚೆಯ ಮನೆಯವರದ್ದೂ ಒಂದು ರೇನ್ ಗೇಜ್ ಇದೆ. ಅವರದ್ದು ಯಾವತ್ತೂ ನಮ್ಮದಕ್ಕಿಂತ ಹತ್ತು ಸೆಂಟ್ ಮುಂದೆ. ಒಂದು ಹೊಳೆ ದಾಟಿದ ಮಾತ್ರಕ್ಕೆ ಮಳೆಗೆ ಅವರ ಮೇಲೆ ಅಷ್ಟು ಪ್ರೀತಿ ಯಾಕೆ? ಒಂದು ದಿನ ಹಲಸಿನಹಣ್ಣು ಕೊಡುವ ನೆಪದಲ್ಲಿ ಹೋಗಿ ನೋಡಿದೆ. ಅವರದ್ದು ಇರುವುದು ಸಿಲ್ವರ್ ಓಕ್ ಮರದ ಬುಡದಲ್ಲಿ. ಮಳೆ ನಿಂತ ಮೇಲೂ ಎಲೆಯಿಂದ ತೊಟ್ಟಿಕ್ಕುತ್ತಿರುತ್ತದೆ. ಮರದ ಎತ್ತರದ ಎರಡರಷ್ಟಾದರೂ ದೂರ ಇಡಬೇಕು ಅನ್ನುವುದು ನಿಯಮ. ಹೇಳಿದೆ. "ಮರಕ್ಕೂ ಮಳೆಯೇ ಅಲ್ವಾ ಬಂದದ್ದು?" ಅಂದರು. ಅಂಥವರ ಜೊತೆ ವಾದ ಮಾಡಿ ಏನು ಪ್ರಯೋಜನ. ಹಲಸಿನಹಣ್ಣು ಮಾತ್ರ ಹೋಯಿತು.

ಹೊರಡುವ ಮೊದಲು ತೋಟದ ಮೇಸ್ತ್ರಿಗೆ ಲೋಟ ಹಿಡಿಯುವುದು, ಗೆರೆ ನೋಡುವುದು, ಬರೆಯುವುದು ಎಲ್ಲ ಕಲಿಸಿದ್ದೆ. ನಮ್ಮ ಎಂಟೂವರೆ ಅಂದರೆ ಅಲ್ಲಿ ಬೆಳಗಿನ ಜಾವ ನಾಲ್ಕು. ಅದೇನೂ ಕಷ್ಟ ಆಗಲಿಲ್ಲ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ, ಮೂರೂವರೆಗೆಲ್ಲ ಮತ್ತೆ ಕಿಟಕಿಯಲ್ಲಿ ಬೆಳಕು. ದಪ್ಪ ಪರದೆ ಎಳೆದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮೆಲ್ಲಗೆ ಫೋನ್ ಮಾಡುತ್ತಿದ್ದೆ. ಮೊದಮೊದಲು ಹತ್ತು ಸೆಂಟ್, ಇಪ್ಪತ್ತು ಸೆಂಟ್. ಮುಂಗಾರು ಹಿಡಿದ ಮೇಲೆ ಒಂದು ಇಂಚು, ಒಂದೂಮುಕ್ಕಾಲು. ಆರಿದ್ರಾ ಬಂತು. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಅಂತಾರಲ್ಲ, ಈ ಸಲ ಆಯಿತು.

"ಎಷ್ಟು?"

"ಜೋರು ಮಳೆ ಅಣ್ಣ. ಕರೆಂಟಿಲ್ಲ."

"ಜೋರು ಅಂದ್ರೆ ಎಷ್ಟು ಇಂಚು?"

"ಬಾಟ್ಲಿ ತುಂಬಿ ಹೊರಗಿನ ಡಬ್ಬಕ್ಕೂ ಇಳಿದಿತ್ತು."

"ಸರಿ, ಅದನ್ನೂ ಅಳೆದ್ಯಾ?"

ಸ್ವಲ್ಪ ಹೊತ್ತು ಬರೀ ಮಳೆಯ ಸದ್ದು. "ಕಸ ಬಿದ್ದಿತ್ತು ಅಣ್ಣ. ಎಲ್ಲ ಚೆಲ್ಲಿ, ಚೆನ್ನಾಗಿ ತೊಳೆದು ಇಟ್ಟಿದ್ದೇನೆ."

ಕೂಗುವ ಹಾಗೂ ಇಲ್ಲ, ಪಕ್ಕದ ಕೋಣೆಯಲ್ಲಿ ಅಳಿಯ ಮಲಗಿದ್ದಾನೆ. ಆ ದಿನ ನಮ್ಮನ್ನು ಎಡಿನ್‌ಬರೋ ಕೋಟೆಗೆ ಕರೆದುಕೊಂಡು ಹೋದರು. ಅಲ್ಲಿ ಭಾನುವಾರ, ಗುಡ್ ಫ್ರೈಡೇ, ಕ್ರಿಸ್‌ಮಸ್ ಬಿಟ್ಟು ಎಲ್ಲ ದಿನ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಫಿರಂಗಿ ಹಾರಿಸುತ್ತಾರೆ. 1861ರಿಂದ ನಡೆದು ಬಂದ ಪದ್ಧತಿ. ಬಂದರಿನ ಹಡಗುಗಳು ಗಡಿಯಾರ ಸರಿ ಮಾಡಿಕೊಳ್ಳಲಿ ಅಂತ ಶುರು ಮಾಡಿದ್ದು. ಈಗ ಹಡಗಿನವರಿಗೆ ಅದು ಬೇಕಿಲ್ಲ. ಆದರೂ ಬಿಟ್ಟಿಲ್ಲ. ಸುತ್ತ ನಿಂತವರೆಲ್ಲ ಫೋನ್ ಎತ್ತಿ ಹಿಡಿದು, ಢಂ ಅಂದ ಕೂಡಲೇ ಬೆಚ್ಚಿ, ನಕ್ಕರು. ನನಗೆ ಆ ಫಿರಂಗಿ ಹಾರಿಸುವವನ ಮೇಲೆ ಬಹಳ ಗೌರವ ಬಂತು. ಅವನು ಚೆಲ್ಲಿ ತೊಳೆದು ಇಡುವ ಜನ ಅಲ್ಲ. "ಅಪ್ಪ, ಖುಷಿ ಆಯ್ತಾ?" ಅಂತ ಮಗಳು ಕೇಳಿದಳು. ಆಯ್ತು ಅಂದೆ. ಐದು ಇಂಚಿಗೆ ಕಡಿಮೆ ಇರಲಿಕ್ಕಿಲ್ಲ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

ಹೊರಡುವ ದಿನದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಮಗಳು ಅತ್ತಳು, ಹೆಂಡತಿ ಅತ್ತಳು, ಕೌಂಟರಿನ ಹುಡುಗಿ ಪೆಟ್ಟಿಗೆ 23.4 ಇದ್ದರೂ ಏನೂ ಅನ್ನಲಿಲ್ಲ. ಅಷ್ಟು ರಾತ್ರಿ ಎತ್ತಿ ಇಳಿಸಿದ್ದು ಯಾರಿಗಾಗಿ ಹಾಗಾದರೆ? ವಿಮಾನದಲ್ಲಿ ಮುಂದಿನ ಸೀಟಿನವನು ಬೆನ್ನು ಹಿಂದಕ್ಕೆ ಹಾಕಿ ಮಲಗಿದ. ದೇವನಹಳ್ಳಿಯಲ್ಲಿ ಇಳಿದೆವು. ನಮ್ಮ ಜಿಲ್ಲೆಗೆ ವಿಮಾನವೂ ಇಲ್ಲ, ರೈಲೂ ಇಲ್ಲ. ಮೈಸೂರಿನ ತನಕ ಒಂದು ಲೆಕ್ಕ, ಅಲ್ಲಿಂದ ಮುಂದೆ ಇನ್ನೊಂದು ಲೆಕ್ಕ. ಕುಶಾಲನಗರ ದಾಟುವಾಗ ವೈಪರ್ ಹಾಕಿದ ಡ್ರೈವರ್ ಮನೆ ಮುಟ್ಟುವ ತನಕ ಅದನ್ನು ನಿಲ್ಲಿಸಲಿಲ್ಲ.

ಮಳೆಗಾಲದಲ್ಲಿ ಮನೆಗೆ ಬೀಗ ಹಾಕಿ ಹೋದವರಿಗೆ ಆಗುವುದೇ ನಮಗೂ ಆಯಿತು. ಬೆಲ್ಟು, ಚಪ್ಪಲಿ, ಗೋಡೆಯ ಫೋಟೋದ ಹಿಂಬದಿ, ಮರದ ಸೌಟು, ಎಲ್ಲದರ ಮೇಲೆ ಹಸಿರು ಬೂಷ್ಟು. ನನ್ನ ಕರಿ ಕೋಟಿನ ಕಾಲರಿನಲ್ಲಿ ಅದು ಮೆತ್ತಗೆ, ಉಣ್ಣೆಯ ಹಾಗೆ ಬೆಳೆದಿತ್ತು. ಹೆಂಡತಿ ಒಲೆ ಹಚ್ಚಿ, ಮೇಲಿನ ಹಗ್ಗಕ್ಕೆ ಒಂದೊಂದೇ ಬಟ್ಟೆ ಹಾಕಿದಳು. ಈಗ ಎಲ್ಲವೂ ಹೊಗೆ ವಾಸನೆ, ಮಗಳು ಕೊಡಿಸಿದ ಹೊಸ ಶಾಲೂ ಸೇರಿ. ಅಲ್ಲಿ ಬೆಳಕಿಗೆ ನಿದ್ದೆ ಇರಲಿಲ್ಲ. ಇಲ್ಲಿ ಮಧ್ಯಾಹ್ನ ಎರಡು ಗಂಟೆಗೇ ದೀಪ ಬೇಕು, ದೀಪಕ್ಕೆ ಕರೆಂಟಿಲ್ಲ, ಆದರೂ ನಾಲ್ಕೂವರೆ ಗಂಟೆಯ ವ್ಯತ್ಯಾಸ ಹೊಟ್ಟೆಯೊಳಗೆ ಕೂತು ರಾತ್ರಿ ಎರಡರವರೆಗೆ ಕಣ್ಣು ಮುಚ್ಚಲು ಬಿಡುವುದಿಲ್ಲ.

ಬಾಟಲಿಗಳ ಹಂಚಿಕೆ ಬೇಗ ಮುಗಿಯಿತು. ಬಂದವರೆಲ್ಲ ಪ್ರವಾಸ ಹೇಗಾಯ್ತು ಅಂತ ಕೇಳಿದರು, ಉತ್ತರಕ್ಕೆ ಕಾಯಲಿಲ್ಲ. ಅದು ಒಳ್ಳೆಯದೇ, ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಅಷ್ಟು ದೂರ ಹೋಗಿ ಬಂದವನಿಗೆ ಏನಾದರೂ ಹೊಳೆದಿರಬೇಕು ಅಂತ ಲೆಕ್ಕ. ಕೂತು ಯೋಚಿಸೋಣ ಅಂದುಕೊಂಡಿದ್ದೆ, ಅಷ್ಟರಲ್ಲಿ ಮೇಸ್ತ್ರಿ ಪುಸ್ತಕ ತಂದು ಕೊಟ್ಟ. ಅಕ್ಷರ ಅಪ್ಪನದ್ದಕ್ಕಿಂತ ಚೆನ್ನಾಗಿದೆ. ಆ ದಿನದ ಎದುರಿಗೆ ಅಂಕಿ ಇಲ್ಲ, "ತುಂಬಿತ್ತು" ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾನೆ.

ಹೊಳೆಯಾಚೆಯವರು ಅದೇ ಸಂಜೆ ಕೊಡೆ ಹಿಡಿದುಕೊಂಡು ಬಂದರು. ಅವರಲ್ಲಿ ಆ ದಿನ ಐದು ಇಂಚು ಇಪ್ಪತ್ತು ಸೆಂಟ್ ಅಂತೆ. "ಬೇಕಾದ್ರೆ ಬರ್ಕೊಳ್ಳಿ, ನಮ್ದೂ ನಿಮ್ದೂ ಒಂದೇ ಮಳೆ ಅಲ್ವಾ" ಅಂದರು. ಮರದಡಿಯ ಲೆಕ್ಕವನ್ನು ನಮ್ಮ ಅಪ್ಪನ ಪುಸ್ತಕದಲ್ಲಿ ಬರೆಯುವುದಾ? ಹತ್ತು ಸೆಂಟ್ ಕಳೆದು ಬರೀರಿ ಅಂತ ಒಳಗಿನಿಂದ ಹೆಂಡತಿ. ಬರೆಯದೆ ಬಿಟ್ಟರೆ ಡಿಸೆಂಬರಿನಲ್ಲಿ ವರ್ಷದ ಮೊತ್ತ ಕೂಡಿಸುವಾಗ ನಾವು ಅವರಿಗಿಂತ ಐದು ಇಂಚು ಹಿಂದೆ. ಅವರು ಶಾರ್ಟ್‌ಬ್ರೆಡ್ ಎರಡು ತಿಂದು, ಇದು ನಮ್ಮ ಬೇಕರಿಯಲ್ಲೂ ಸಿಗ್ತದಲ್ಲ ಅಂತ ಹೇಳಿ, ಬಾಟಲಿಯ ಬಗ್ಗೆ ಕೇಳಿದರು. ಖಾಲಿ ಆಯ್ತು ಅಂದೆ.