ಏಜೆನ್ಸಿ ಸೇರ್ಬಹುದಾ ಅಂತ ಕೇಳೋರಿಗೆ

ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಇನ್‌ಬಾಕ್ಸಿಗೆ ಬಂದು ಕೇಳೋದು ಒಂದೇ ಪ್ರಶ್ನೆ: "ಅಣ್ಣ, ಚಿಕ್ಕಮಗಳೂರಲ್ಲೇ ಮಾರ್ಕೆಟಿಂಗ್ ಏಜೆನ್ಸಿ ಸೇರ್ಬಹುದಾ, ಇಲ್ಲ ಬೆಂಗಳೂರಿಗೇ ಹೋಗ್ಲಾ?" ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಯ್ತು, ಇಲ್ಲೇ ಬರೀತೀನಿ. ಸೇರಿ. ಆದರೆ ಅಲ್ಲಿನ ಮಾಲೀಕ ಗ್ರಾಹಕರಿಗೆ "ಅದಾಗಲ್ಲ ಸರ್" ಅನ್ನೋ ಗಟ್ಟಿಗನಾ ಅಂತ ಮೊದಲು ವಿಚಾರಿಸಿ. ಈ ಕೆಲಸದ ಸುಖ ದುಃಖ ಮುಕ್ಕಾಲು ಪಾಲು ಅದರ ಮೇಲೇ ನಿಂತಿದೆ.

ದೊಡ್ಡ ಊರಿನ ದೊಡ್ಡ ಏಜೆನ್ಸಿಯಲ್ಲಿ ಬರೆಯೋರು ಬೇರೆ, ಡಿಸೈನ್ ಮಾಡೋರು ಬೇರೆ, ಗ್ರಾಹಕರ ಹತ್ರ ಬೈಸ್ಕೊಳೋರು ಬೇರೆ. ಇಲ್ಲಿ ಎಲ್ಲಾ ನೀವೇ. ಬೆಳಗ್ಗೆ ಐ.ಜಿ. ರಸ್ತೆಯ ಒಡವೆ ಅಂಗಡಿಗೆ ರೀಲ್, ಮಧ್ಯಾಹ್ನ ಪಿಯು ಕಾಲೇಜಿನ ಅಡ್ಮಿಷನ್ ಪೋಸ್ಟರ್, ಸಂಜೆ ಹೋಮ್‌ಸ್ಟೇ ಜಾಹೀರಾತಿನ ಲೆಕ್ಕ. ಕೆಲಸ ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಸಂಬಳ ಕಮ್ಮಿ. ಮನೆ ಊಟ, ಬಾಡಿಗೆ ಇಲ್ಲ ಅಂತ ಸಮಾಧಾನ ಮಾಡ್ಕೋಬೇಕು ಅಷ್ಟೇ.

"ಆಗಲ್ಲ" ಅನ್ನೋ ವಿಷಯಕ್ಕೆ ಬರ್ತೀನಿ. ಕಾಫಿ ಪುಡಿ ವ್ಯಾಪಾರದವರೊಬ್ಬರು ಬಂದು "ನೂರಕ್ಕೆ ನೂರು ಶುದ್ಧ ಚಿಕ್ಕಮಗಳೂರು ಅರೇಬಿಕಾ" ಅಂತ ಪೋಸ್ಟರ್ ಹಾಕಿ ಅಂದ್ರು. ನಮ್ಮ ಡಿಸೈನರ್ ಹುಡುಗಿ ಪ್ಯಾಕೆಟ್ ಫೋಟೋ ಹಿಗ್ಗಿಸಿ ನೋಡಿದಳು. ಹಿಂಬದಿಯಲ್ಲಿ, ಬಾರ್‌ಕೋಡ್ ಪಕ್ಕ, ಇರುವೆ ಸಾಲಿನ ಹಾಗೆ ಬರೆದಿತ್ತು: ಕಾಫಿ 60, ಚಿಕೋರಿ 40. ಚಿಕೋರಿ ಹಾಕೋದು ತಪ್ಪೇನಲ್ಲ, ಅದಿಲ್ಲದ ಫಿಲ್ಟರ್ ಕಾಫಿ ನಮ್ಮ ಮನೇಲೇ ಇಳಿಯಲ್ಲ. ಕಾನೂನೂ ಶೇ. 49ರ ತನಕ ಒಪ್ಪುತ್ತೆ, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಹೇಳಬೇಕು ಅಷ್ಟೇ. ಅದಿಟ್ಕೊಂಡು ಪೋಸ್ಟರಲ್ಲಿ "ಶುದ್ಧ" ಅನ್ನೋದು ಬೇರೆ ಮಾತು. "ಚಿಕ್ಕಮಗಳೂರು ಅರೇಬಿಕಾ" ಅನ್ನೋದಕ್ಕೂ 2019ರಲ್ಲೇ ಜಿಐ ಟ್ಯಾಗ್ (ಆ ಸೀಮೆಯ ಬೆಳೆಗೇ ಮೀಸಲಾದ ಹೆಸರು ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ, ಬಾಯಿಗೆ ಬಂದ ಹಾಗೆ ಬಳಸೋ ಹೆಸರಲ್ಲ ಅದು. ದಾರಿ ತಪ್ಪಿಸೋ ಜಾಹೀರಾತಿಗೆ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಅದೇ ಮಾಡಿದ್ರೆ 50 ಲಕ್ಷದವರೆಗೆ. ಇಂಥ ಜಾಹೀರಾತಿನ ಬಗ್ಗೆ ಕೇಂದ್ರ ತಂದ 2022ರ ಮಾರ್ಗಸೂಚಿ ಏಜೆನ್ಸಿಗಳನ್ನೂ ಹೊರಗೆ ಬಿಟ್ಟಿಲ್ಲ. ನಮ್ಮ ಬಾಸ್ ಇದನ್ನೆಲ್ಲ ಸಮಾಧಾನವಾಗಿ ಹೇಳಿದ್ರು. "ಅಷ್ಟು ಸಣ್ಣಕ್ಷರ ಯಾರ್ರೀ ಓದ್ತಾರೆ?" ಅಂತ ಆ ವ್ಯಾಪಾರಿ ಎದ್ದು ಹೋದ್ರು, ಕೆಲಸ ಇನ್ನೊಬ್ಬರ ಪಾಲಾಯ್ತು. ಆ ತಿಂಗಳು ನಮಗೆ ಸಂಬಳ ತಡವಾಯ್ತು. ಆ ಹುಡುಗಿ ಮಾತ್ರ ಇವತ್ತಿಗೂ ಇದೇ ಆಫೀಸಲ್ಲಿದ್ದಾಳೆ, ಬೆಂಗಳೂರಿಂದ ಕರೆ ಬಂದ್ರೂ ಹೋಗಿಲ್ಲ.

ಇನ್ನು ಹೋಮ್‌ಸ್ಟೇಗಳು. ನಮ್ಮ ಅನ್ನ ಅಲ್ಲೇ, ತಲೆನೋವೂ ಅಲ್ಲೇ. ನವೆಂಬರಿಂದ ಫೆಬ್ರವರಿ ತನಕ ಕಾಫಿ ಕೊಯ್ಲು, ಮಾಲೀಕರು ತೋಟದಲ್ಲಿರ್ತಾರೆ, ಅಲ್ಲಿ ಸಿಗ್ನಲ್ ಇರಲ್ಲ. ನಾವು ಜಾಹೀರಾತು ಹಾಕಿ ಫೋನ್ ಬರೋ ಹಾಗೆ ಮಾಡ್ತೀವಿ (ಹಾಗೆ ವಿಚಾರಿಸೋರನ್ನೇ ನಾವು ಲೀಡ್ ಅನ್ನೋದು), ಎತ್ತೋರೇ ಇಲ್ಲ. ಸೋಮವಾರ ಬಂದು "ನಿಮ್ಮ ಲೀಡ್ ಸರಿಯಿಲ್ಲ" ಅಂತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಮುಳ್ಳಯ್ಯನಗಿರಿ ಕಡೆ ಪ್ರವಾಸಿಗರಿಗೆ ನಿರ್ಬಂಧ ಹಾಕಿದ್ರೆ ಅದಕ್ಕೂ ನಾವೇ ಹೊಣೆ!

ಆದರೆ ಮಲ್ಲಂದೂರು ಕಡೆಯ ಒಬ್ಬರು ಅಕ್ಕನ ಕೆಲಸ ನೆನೆಸ್ಕೊಂಡ್ರೆ ಈಗಲೂ ಖುಷಿ ಆಗುತ್ತೆ. ಅವರ ಮಗ ಡ್ರೋನ್ ವಿಡಿಯೋ ಮಾಡಿಸಿದ್ದ. ಮಂಜು, ಗುಡ್ಡ, ಹಿಂದೆ ಕೊಳಲು. ಲೈಕು ಸುರಿದವು. ಬಂದ ಫೋನೆಲ್ಲ "ಪೂಲ್ ಇದ್ಯಾ, ಡಿಜೆ ಹಾಕ್ಬಹುದಾ" ಅಂತ. ನಾವು ಹೋಗಿ ಅಕ್ಕ ಒಲೆ ಮುಂದೆ ಅಕ್ಕಿ ರೊಟ್ಟಿ ತಟ್ಟುತ್ತಾ ಮಾತಾಡಿದ್ದನ್ನ ಮೊಬೈಲಲ್ಲೇ ಹಿಡಿದ್ವಿ. ಕೈಯೆಲ್ಲಾ ಹಿಟ್ಟು, ಕ್ಯಾಮೆರಾ ಕಡೆ ನೋಡೋದೇ ಇಲ್ಲ. "ಕೊನೇಲಿ ದಾರಿ ಸರಿಯಿಲ್ಲ, ತಗ್ಗಿರೋ ಕಾರು ತರಬೇಡಿ. ನಾಯಿ ಇದೆ, ಗೇಟ್ ಹತ್ರ ನಿಂತು ಫೋನ್ ಮಾಡಿ. ರಾತ್ರಿ ಹತ್ತರ ಮೇಲೆ ಗಲಾಟೆ ಬೇಡ, ಮಾವ ಮಲಗಿರ್ತಾರೆ." ಮಗ ತಲೆ ಚಚ್ಚಿಕೊಂಡ: "ಹಿಂಗಂದ್ರೆ ಯಾರಮ್ಮ ಬರ್ತಾರೆ?" ಲೈಕು ಕಮ್ಮಿ ಬಂತು, ಫೋನೂ ಕಮ್ಮಿ. ಫೋನ್ ಮಾಡಿದವರು ಮಾತ್ರ ರೂಮ್ ಹಿಡಿದ್ರು. ಮಕ್ಕಳಿರೋ ಮನೆಯವರು, ವಯಸ್ಸಾದ ದಂಪತಿಗಳು, ಅದೂ ವಾರದ ನಡುವೆ. ಹತ್ತು ಸಾವಿರ ಲೈಕಿನ ರಿಪೋರ್ಟ್ ಕಳಿಸಿದಾಗಲೂ ಇಷ್ಟು ಸಂತೋಷ ಆಗಿದ್ದಿಲ್ಲ ನನಗೆ.

ಹಬ್ಬದ ಪೋಸ್ಟರ್ ಬಗ್ಗೆ ಹೆಚ್ಚು ಹೇಳಲ್ಲ. ಯುಗಾದಿ ಹಿಂದಿನ ರಾತ್ರಿ ಎಲ್ಲರಿಗೂ ಅದೇ ಬೇವು ಬೆಲ್ಲ, ಲೋಗೋ ಮಾತ್ರ ಬೇರೆ. ಈಚೆಗೆ ಎಐ ಚಿತ್ರ ಅಂತ ಶುರುವಾಗಿದೆ, ಒಮ್ಮೆ ಅದು ಗಿಡದಲ್ಲೇ ಹುರಿದ ಕಾಫಿ ಬೀಜ ನೇತಾಡಿಸಿತ್ತು. ತೋಟದವರ ಊರಲ್ಲಿ ಅದನ್ನ ಹಾಕಿದ್ರೆ ಮಾನ ಉಳಿಯುತ್ತಾ?

ದುಡ್ಡಿನ ವಿಷಯ ಹೇಳದೆ ಮುಗಿಸಂಗಿಲ್ಲ. ಬಿಲ್ ಹಾಕಿದ ಮೇಲೆ ಶೇ. 18 ಜಿಎಸ್‌ಟಿ ಮುಂದಿನ ತಿಂಗಳು 20ರೊಳಗೆ ಕಟ್ಟಲೇಬೇಕು, ಗ್ರಾಹಕರು ಕೊಟ್ಟಿರಲಿ ಬಿಡಲಿ. ಅವರು ಕೊಡೋದು "ಕಾಫಿ ದುಡ್ಡು ಬರ್ಲಿ" ಅಂತ. ನೋಂದಾಯಿಸಿದ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಬಾಕಿ ತೀರಿಸಬೇಕು ಅಂತ ಕಾನೂನಿದೆ. ಆದರೆ ಭಾನುವಾರ ಅದೇ ಮನುಷ್ಯ ಮದುವೆ ಮನೇಲಿ ಪಕ್ಕದ ಎಲೆಗೆ ಕೂರ್ತಾನೆ, ಅವನ ಮುಂದೆ ಯಾವ ಸೆಕ್ಷನ್ ಓದೋದು? ಇದೊಂದರಲ್ಲಿ ಬೆಂಗಳೂರಿನವರೇ ವಾಸಿ, ಮುಖ ನೋಡದೆ ನೋಟಿಸ್ ಕಳಿಸ್ತಾರೆ.

ಹಾಗಾಗಿ ಇಂಟರ್‌ವ್ಯೂಗೆ ಹೋದಾಗ ಸಂಬಳದ ಜೊತೆ ಇನ್ನೆರಡು ಕೇಳಿ. ಗ್ರಾಹಕರ ಜಾಹೀರಾತಿನ ದುಡ್ಡು ಯಾರ ಕಾರ್ಡಿಂದ ಹೋಗುತ್ತೆ? ಏಜೆನ್ಸಿ ಕಾರ್ಡಿಂದ ಅಂದ್ರೆ ಗ್ರಾಹಕರು ಅದನ್ನ ವಾಪಸ್ ಕೊಡೋ ತನಕ ನಿಮ್ಮ ಸಂಬಳವೂ ಆ ಬಾಕಿ ಹಿಂದೆಯೇ ನಿಂತಿರುತ್ತೆ. ಎರಡನೆಯದು, ಈಚೆಗೆ ಯಾವ ಕೆಲಸ ಬೇಡ ಅಂದ್ರಿ, ಯಾಕೆ?

ಅಂದ ಹಾಗೆ ನಮ್ಮಲ್ಲೂ ವಿಡಿಯೋ ಎಡಿಟ್ ಮಾಡೋರು ಒಬ್ಬರು ಬೇಕು. ಕನ್ನಡ ಕಾಗುಣಿತ ತಪ್ಪಿಲ್ಲದೆ ಬರೆಯೋಕೆ ಬಂದ್ರೆ ಅವರಿಗೇ ಮೊದಲ ಆದ್ಯತೆ. ಇನ್‌ಬಾಕ್ಸಿಗೆ ಬನ್ನಿ, ಈ ಎರಡು ಪ್ರಶ್ನೆ ನಮ್ಮನ್ನೂ ಕೇಳಿ.