ಕೆಳತುಟಿಯ ಗುಳ್ಳೆ, ಮಾವನ ಕೆನ್ನೆ

ಎರಡು ವರ್ಷದ ಹಿಂದೆ ನನ್ನ ಕೆಳತುಟಿಯ ಒಳಗೆ ಒಂದು ಗುಳ್ಳೆ ಎದ್ದಿತ್ತು. ಕಡಲೆಕಾಳಿನಷ್ಟು. ಮೆತ್ತಗೆ, ಸ್ವಲ್ಪ ನೀಲಿ. ನೋವಿಲ್ಲ, ಆದರೆ ನಾಲಗೆಗೆ ದಿನವಿಡೀ ಅದನ್ನು ಸವರುವುದೇ ಕೆಲಸ. ಒಂದು ರಾತ್ರಿ ಕನ್ನಡಿ ಎದುರು ನಿಂತು ಸೂಜಿಯಲ್ಲಿ ಚುಚ್ಚಿದೆ. ಲೋಳೆ ಬಂತು, ಗುಳ್ಳೆ ಹೋಯಿತು. ವಾರಕ್ಕೆ ಮತ್ತೆ ಹಾಜರ್. ಹೀಗೆ ಮೂರು ಸಲ.

ಕೊನೆಗೆ ಹಲ್ಲಿನ ಡಾಕ್ಟರ್ ಹತ್ತಿರ ಹೋದೆ. ತುಟಿ ಕಚ್ಚಿಕೊಂಡಾಗ ಜೊಲ್ಲಿನ ಗ್ರಂಥಿಯ ಸಣ್ಣ ಕೊಳವೆ ಹರಿದು, ಜೊಲ್ಲು ಒಳಗೇ ತುಂಬಿಕೊಳ್ಳುತ್ತದಂತೆ. ಮ್ಯೂಕೋಸೀಲ್ ಅಂತ ಹೆಸರು. ಎಷ್ಟೋ ಸಲ ತಾನಾಗಿ ಹೋಗುತ್ತದೆ. ಮತ್ತೆ ಮತ್ತೆ ಬಂದರೆ ಗ್ರಂಥಿ ಸಮೇತ ತೆಗೆಯಬೇಕು. ಮರಗಟ್ಟಿಸುವ ಇಂಜೆಕ್ಷನ್, ಎರಡು ಹೊಲಿಗೆ, ಮುಗಿಯಿತು. ಸೂಜಿಯ ವಿಷಯಕ್ಕೆ ಬೈಗುಳ ಬೇರೆ.

ನನ್ನದು ಕನ್ನಡಿಯಲ್ಲಿ ಕಾಣುತ್ತಿತ್ತು, ಓಡಿದೆ. ಸೋದರಮಾವನದು ಯಾರಿಗೂ ಕಾಣುತ್ತಿರಲಿಲ್ಲ.

ಮಾವ ಕೇರಳದ ಗಡಿಯ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯವರು. ಹೊಗೆಸೊಪ್ಪು ಬಿಟ್ಟು ಇಪ್ಪತ್ತು ವರ್ಷ, ಅಡಕೆ ಬಿಟ್ಟಿಲ್ಲ. ಎಲೆ, ಸುಣ್ಣ, ಹೋಳು ಎಡಗೆನ್ನೆಗೆ ಸೇರಿದರೆ ತೋಟಕ್ಕೆ ಒಂದು ಸುತ್ತು ಬರುವ ತನಕ ಅಲ್ಲೇ. ಆ ಕೆನ್ನೆಯ ಒಳಗೆ ಒಂದು ಗಂಟು, ಸುತ್ತ ಬಿಳಿ ಮಚ್ಚೆ. ಆರು ತಿಂಗಳಾಗಿತ್ತು. "ನೋವಿಲ್ಲ ಮಾರಾಯ, ಸುಮ್ನೆ ಯಾಕೆ ದುಡ್ಡು ದಂಡ?" ಅಂದರು.

ಇಲ್ಲೇ ನಾವು ಎಡವುವುದು. ವಸಡಿನಲ್ಲಿ ನೋಯುವ ಗುಳ್ಳೆ ಹೆಚ್ಚಾಗಿ ಹಲ್ಲಿನ ಬುಡದ ಕೀವು. ಮಾತ್ರೆಗೆ ಊತ ಇಳಿದರೂ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು. ಊಟಕ್ಕೆ ಕೂತಾಗಲೇ ದವಡೆಯ ಅಡಿ ಊದಿದರೆ ಜೊಲ್ಲಿನ ಕೊಳವೆಯಲ್ಲಿ ಕಲ್ಲು ಇರಬಹುದು. ಕ್ಯಾನ್ಸರ್ ಮಾತ್ರ ಶುರುವಿನಲ್ಲಿ ಎಷ್ಟೋ ಸಲ ನೋಯುವುದೇ ಇಲ್ಲ. ಎರಡು ಮೂರು ವಾರಕ್ಕೂ ಹೋಗದ ಗಂಟು, ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತೋರಿಸಲೇಬೇಕು.

ಮಾವನನ್ನು ಎಳೆದುಕೊಂಡೇ ಹೋದೆ. ಡಾಕ್ಟರ್ ಮಲಯಾಳದಲ್ಲಿ "ಮುಳ ಎಷ್ಟು ದಿನದಿಂದ?" ಅಂತ ಕೇಳಿದರು. ಅವರ ಮುಳ ಅಂದರೆ ಗಂಟು. ಮಾವನಿಗೆ ಕೇಳಿಸಿದ್ದು ಮುಳ್ಳು. "ನಾವು ಮೀನು ತಿನ್ನುವವರಲ್ಲ" ಅಂದರು! ನಗು ಬಂತು, ಸಿಟ್ಟೂ ಬಂತು. ಗಡಿಯಲ್ಲಿರುವ ನಮಗೆ ಬಾಯಿಯ ಕಾಯಿಲೆ ಹೇಳಿಕೊಳ್ಳಲೂ ಬಾಯಿ ಸಾಲದು.

ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಆದರೆ ಆ ದಾರಿ ಹಿಡಿಯಬಹುದಾದ ಮಚ್ಚೆ. ಅದನ್ನು ಪೂರ್ತಿ ತೆಗೆದಾಯಿತು. ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ನನ್ನ ತೋಟದಲ್ಲೂ ಅಡಕೆಯೇ. ದರ ಬಿದ್ದರೆ ನನಗೂ ನಿದ್ದೆ ಬರುವುದಿಲ್ಲ. ಆದರೂ ಹೇಳುತ್ತೇನೆ: ಹೊಗೆಸೊಪ್ಪು ಇಲ್ಲದಿದ್ದರೂ ಅಡಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ದರದ ಜಗಳ ಬೇರೆ, ಕೆನ್ನೆಯ ವಿಷಯ ಬೇರೆ, ಅಲ್ವಾ?

ಮಾವ ಅಡಕೆ ಬಿಟ್ಟಿದ್ದೇನೆ ಎನ್ನುತ್ತಾರೆ. ಅತ್ತೆ ಹೇಳುವುದು ಬೇರೆ.