ಮೊದಲೇ ಬರೆದ ತೀರ್ಪಿಗೊಂದು ಮೇಲ್ಮನವಿ

ನ್ಯಾಯಪ್ರಜ್ಞೆ ಲೋಕದಿಂದ ಮಾಯವಾಗುತ್ತಿದೆ ಎಂದು ಕೊರಗುವವರು ವೃತ್ತಿಪರ ರೆಸ್ಲಿಂಗ್‌ನ ಅಭಿಮಾನಿಗಳನ್ನು ಕಂಡಿರಲಾರರು. ಪಟ್ಟದ ಪಂದ್ಯವೊಂದು ತಕರಾರಿನಲ್ಲಿ ಮುಗಿದ ರಾತ್ರಿ ಅವರ ವಾದವನ್ನು ಕೇಳಬೇಕು. ರೆಫರಿ ನೆಲ ಬಡಿದು ಮೂರು ಎಣಿಸುವವರೆಗೆ ಎದುರಾಳಿಯ ಭುಜಗಳನ್ನು ನೆಲಕ್ಕೊತ್ತಿ ಹಿಡಿದವನು ಗೆದ್ದಂತೆ, ನಡುವೆ ಬಿದ್ದವನ ಕಾಲು ರಿಂಗಿನ ಹಗ್ಗಕ್ಕೆ ತಾಗಿದರೆ ಎಣಿಕೆ ನಿಲ್ಲಬೇಕು. ರೆಫರಿಯ ಅಂಗೈ ಮೂರನೆಯ ಬಾರಿ ನೆಲ ಬಡಿಯುವ ಮೊದಲೇ ಭುಜ ಮೇಲೆದ್ದಿತ್ತೇ, ಎದ್ದಿದ್ದರೆ ಎಷ್ಟು ಎದ್ದಿತ್ತು, ಕಾಲು ಹಗ್ಗಕ್ಕೆ ತಾಗಿತ್ತೇ ಇಲ್ಲವೇ ಎಂಬುದನ್ನು, ದೃಶ್ಯವನ್ನು ನಿಧಾನಗತಿಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿ ಪರೀಕ್ಷಿಸುವ ಅವರ ತಾಳ್ಮೆ ಎಷ್ಟೋ ನ್ಯಾಯಾಲಯಗಳಿಗೂ ಇಲ್ಲ. ಯಾರು ಗೆಲ್ಲಬೇಕೆಂಬುದು ಪಂದ್ಯಕ್ಕೆ ಮೊದಲೇ ಹಿಂದಿನ ಕೋಣೆಯಲ್ಲಿ ತೀರ್ಮಾನವಾಗಿತ್ತು ಎಂಬ ಸಂಗತಿ ಇವರಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿಲ್ಲವೇನೋ ಎಂದು ಯಾರಾದರೂ ಅನುಮಾನಿಸಿದರೆ ಕೆರಳುತ್ತಾರೆ. ಗೆಲುವು ಬರೆದಿಟ್ಟದ್ದೇ ಹೌದು, ಆದರೆ ಬರೆದಿಟ್ಟ ಗೆಲುವು ನಿಯಮಬದ್ಧವಾಗಿ ಬರಲಿಲ್ಲ ಎಂಬುದೇ ಅವರ ದೂರು.

ಈ ವಿಷಯದಲ್ಲಿ ಪಂದ್ಯ ನಡೆಸುವ ಸಂಸ್ಥೆಯ ಮೇಲೆ ಮುಚ್ಚುಮರೆಯ ಆರೋಪ ಹೊರಿಸುವಂತೆಯೂ ಇಲ್ಲ. ಇಂದು ಡಬ್ಲ್ಯುಡಬ್ಲ್ಯುಇ ಎಂದು ಕರೆಸಿಕೊಳ್ಳುವ ಸಂಸ್ಥೆಯ ಪ್ರತಿನಿಧಿಗಳು 1989ರಲ್ಲಿಯೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ, ತಾವು ನಡೆಸುತ್ತಿರುವುದು ಮನರಂಜನೆಯೇ ಹೊರತು ನಿಜವಾದ ಸ್ಪರ್ಧೆಯಲ್ಲ ಎಂದು ಒಪ್ಪಿಕೊಂಡಿದ್ದರು. ಸತ್ಯದ ಮೇಲಿನ ಪ್ರೀತಿಯೇನೂ ಅದಕ್ಕೆ ಕಾರಣವಾಗಿರಲಿಲ್ಲ. ರಾಜ್ಯದ ಕ್ರೀಡಾ ನಿಯಂತ್ರಣ ಮಂಡಳಿಯ ಹಿಡಿತದಿಂದಲೂ ಅದರ ಜೊತೆಗೆ ಬರುವ ತೆರಿಗೆಯಿಂದಲೂ ಪಾರಾಗಬೇಕಿತ್ತು. ಹೀಗೆ ತೆರಿಗೆಯವರಿಗೆ ಒಂದೇ ಸಲಕ್ಕೆ ಅರ್ಥವಾದ ಮಾತು ಅಭಿಮಾನಿಗಳಿಗೂ ಅರ್ಥವಾಗಿದೆ. ಮುಖ್ಯ ಪಂದ್ಯದ ಗಂಟೆ ಬಾರಿಸಿದ ಕ್ಷಣದಿಂದ ಮುಂದಿನ ವಾರದವರೆಗೆ ಮಾತ್ರ ಅದು ಅವರ ನೆನಪಿನಲ್ಲಿರುವುದಿಲ್ಲ.

2019ರ ಅಕ್ಟೋಬರ್ 6ರಂದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರ ಹೋಗಿ ನೋಡೋಣ. ಪಂದ್ಯದ ಬಗೆ ‘ಹೆಲ್ ಇನ್ ಎ ಸೆಲ್’. ಅಂದರೆ ರಿಂಗಿನ ಮೇಲೆ ಚಾವಣಿ ಸಮೇತ ಉಕ್ಕಿನ ಬಲೆಯ ಪಂಜರವನ್ನು ಇಳಿಸಿ, ಇಬ್ಬರನ್ನು ಒಳಗೆ ಬಿಟ್ಟು, ಬಾಗಿಲಿಗೆ ಸರಪಳಿ ಬಿಗಿಯುತ್ತಾರೆ. ಅಲ್ಲಿ ಅನರ್ಹತೆ ಎಂಬುದೇ ಇಲ್ಲ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯಬಹುದು ಎಂಬುದು ಅದರ ಹೆಗ್ಗಳಿಕೆ. ಯೂನಿವರ್ಸಲ್ ಪಟ್ಟದ ಒಡೆಯ ಸೆತ್ ರಾಲಿನ್ಸ್ ಒಂದು ಕಡೆ. ‘ಫೀಂಡ್’ ಎಂಬ ಮುಖವಾಡ ಧರಿಸಿದ ಬ್ರೇ ವಯಟ್ ಇನ್ನೊಂದು ಕಡೆ. ಪಂದ್ಯದುದ್ದಕ್ಕೂ ರಿಂಗಿನ ಮೇಲೆ ಕೆಂಪು ಬೆಳಕು, ಫೋಟೊ ತೊಳೆಯುವ ಕತ್ತಲೆ ಕೋಣೆಯಲ್ಲಿ ಜಗಳ ನಡೆದಂತೆ. ರಾಲಿನ್ಸ್ ಎದುರಾಳಿಯ ತಲೆಯನ್ನು ಮತ್ತೆ ಮತ್ತೆ ತುಳಿದು ನೆಲಕ್ಕೆ ಅಪ್ಪಳಿಸಿದ. ಎದುರಾಳಿ ಒಂದನ್ನು ಎಣಿಸುವಷ್ಟರಲ್ಲಿ ಭುಜ ಎತ್ತಿದ. ಕುರ್ಚಿ ಬಂತು, ಏಣಿ ಬಂತು, ಉಪಕರಣಗಳ ಪೆಟ್ಟಿಗೆಯೂ ಬಂತು. ಬಿದ್ದವನ ತಲೆಯ ಮೇಲೆ ಇವನ್ನೆಲ್ಲ ಪೇರಿಸಿ ಹೊಡೆಯುವ ಕೆಲಸ ಸಾಂಗವಾಗಿ ನಡೆಯಿತು. ಕೊನೆಗೆ ರಾಲಿನ್ಸ್ ದೊಡ್ಡ ಸುತ್ತಿಗೆಯನ್ನು ಕೈಗೆತ್ತಿಕೊಂಡಾಗ, ಅಷ್ಟು ಹೊತ್ತು ಸುಮ್ಮನಿದ್ದ ರೆಫರಿಯ ಆತ್ಮಸಾಕ್ಷಿ ಎಚ್ಚೆತ್ತುಕೊಂಡಿತು. ಬೇಡ ಎಂದು ಅಂಗಲಾಚಿದ. ಸುತ್ತಿಗೆ ಬಿತ್ತು. ಗಂಟೆ ಬಾರಿಸಲಾಯಿತು. ಪಂದ್ಯವನ್ನು ನಿಲ್ಲಿಸಲಾಗಿದೆ, ಪಟ್ಟ ಹಳೆಯವನ ಬಳಿಯೇ ಉಳಿಯಿತು.

ಸಭಾಂಗಣ ಕುದಿಯಿತು. ಟಿಕೆಟ್ ಹಣ ವಾಪಸು ಕೊಡಿ ಎಂಬ ಘೋಷಣೆ ಎದ್ದಿತು. ಅದಕ್ಕೆ ನಾಲ್ಕು ದಿನ ಮೊದಲಷ್ಟೇ ತನ್ನ ವಾರದ ಪ್ರದರ್ಶನವನ್ನು ಆರಂಭಿಸಿದ್ದ ಪ್ರತಿಸ್ಪರ್ಧಿ ಸಂಸ್ಥೆ ಎಇಡಬ್ಲ್ಯುವಿನ ಹೆಸರನ್ನು ಜನ ಜಪಿಸಿದರು. ಮರುದಿನದಿಂದ ಶುರುವಾದ ಜಿಜ್ಞಾಸೆಯೋ ಸಾಮಾನ್ಯದ್ದಲ್ಲ. ಅನರ್ಹತೆಯೇ ಇಲ್ಲದ ಪಂದ್ಯವನ್ನು ರೆಫರಿ ಯಾವ ಅಧಿಕಾರದಿಂದ ನಿಲ್ಲಿಸಿದ? ಇದು ಅನರ್ಹತೆಯಲ್ಲ, ಸುರಕ್ಷತೆಗಾಗಿ ಮಾಡಿದ ನಿಲುಗಡೆ ಎಂದು ಒಬ್ಬರು ವಿವರಿಸಿದರೆ, ಹಾಗಿದ್ದರೆ ನಿಲುಗಡೆಯಲ್ಲಿ ಗೆದ್ದವರಾರು ಎಂದು ಇನ್ನೊಬ್ಬರು ಕೇಳಿದರು. ಹಿಂದಿನ ವರ್ಷ ಇದೇ ಬಗೆಯ ಪಂಜರದ ಬಾಗಿಲನ್ನು ಬ್ರಾಕ್ ಲೆಸ್ನರ್ ಒದ್ದು ಒಳನುಗ್ಗಿದ್ದರಿಂದ ರೋಮನ್ ರೇನ್ಸ್ ಮತ್ತು ಬ್ರಾನ್ ಸ್ಟ್ರೋಮನ್ ನಡುವಿನ ಪಂದ್ಯ ಫಲಿತಾಂಶವಿಲ್ಲದೆ ಮುಗಿದಿತ್ತಲ್ಲ, ಅದು ಪೂರ್ವನಿದರ್ಶನವಾಗುತ್ತದೆಯೇ ಎಂದು ಮತ್ತೊಬ್ಬರು ಕಡತ ಬಿಚ್ಚಿದರು. ಮನುಷ್ಯನ ತಲೆಯ ಮೇಲೆ ಏಣಿ ಪೇರಿಸಿ ಜಜ್ಜುವುದು ಸಂಪೂರ್ಣ ಕಾನೂನುಬದ್ಧ, ಅದನ್ನು ತಡೆದದ್ದೇ ಘೋರ ಅಪರಾಧ ಎಂಬ ಸಿದ್ಧಾಂತವನ್ನು ಇಷ್ಟು ಗಂಭೀರವಾಗಿ ಮಂಡಿಸಿದ ಇನ್ನೊಂದು ಸಮುದಾಯ ಭೂಮಿಯ ಮೇಲೆ ಇರಲಾರದು.

ಕಥೆ ಚೆನ್ನಾಗಿರಲಿಲ್ಲ, ಮುಕ್ತಾಯ ಕೈಕೊಟ್ಟಿತು ಎಂದು ಹೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು, ಮತ್ತು ಆ ಎರಡು ಮಾತು ಸರಿಯಾಗಿಯೂ ಇರುತ್ತಿದ್ದವು. ಸಂಸ್ಥೆ ಇಬ್ಬರಲ್ಲಿ ಯಾರನ್ನೂ ಸೋಲಿಸಲು ಮನಸ್ಸಿಲ್ಲದೆ ಪಂದ್ಯವನ್ನು ಇಟ್ಟುಕೊಂಡಿತ್ತು ಎಂಬುದು ಕಣ್ಣಿಗೆ ಕಾಣುವಂತಿತ್ತು. ಆದರೆ ಹಾಗೆ ಹೇಳಿದರೆ ನಾಟಕ ನೋಡಿ ಬಂದವರಂತೆ ಕೇಳಿಸುತ್ತದೆ. ಅನ್ಯಾಯವಾಯಿತು ಎಂದರೆ ಮಾತಿಗೆ ತೂಕ ಬರುತ್ತದೆ, ಎದೆ ಸೆಟೆಯುತ್ತದೆ, ಎದುರಿಗಿರುವವನು ಅನ್ಯಾಯದ ಪರ ನಿಂತವನಾಗುತ್ತಾನೆ. ರೆಫರಿಯನ್ನು ಪಕ್ಷಪಾತಿ ಎಂದು ದೂಷಿಸುವುದಂತೂ ಇವರಿಗೆ ಅತಿ ಪ್ರಿಯ. ಆ ಬಡಪಾಯಿಯ ಕಿವಿಯಲ್ಲಿ ಪುಟ್ಟ ಇಯರ್‌ಪೀಸ್ ಇರುತ್ತದೆ. ಇನ್ನೆಷ್ಟು ನಿಮಿಷ ಉಳಿದಿದೆ, ಯಾವಾಗ ಮುಗಿಸಬೇಕು ಎಂಬ ಸೂಚನೆ ಅದರಲ್ಲೇ ಬರುತ್ತದೆ. ಆಜ್ಞೆಯನ್ನು ಅಕ್ಷರಶಃ ಪಾಲಿಸಿದ್ದಕ್ಕಾಗಿ ಪಕ್ಷಪಾತಿ ಎನಿಸಿಕೊಳ್ಳುವ ನೌಕರ ಆತ.

ನಿಯಮಗಳ ವಿಚಾರಕ್ಕೆ ಬಂದರೆ, ಪಟ್ಟದ ಪಂದ್ಯಗಳಿಗೆ ಒಂದು ಅಪೂರ್ವ ಕಟ್ಟಳೆಯಿದೆ. ಒಡೆಯ ಅನರ್ಹನಾದರೂ, ರಿಂಗಿನ ಹೊರಗೆ ಹತ್ತು ಎಣಿಸುವವರೆಗೆ ನಿಂತರೂ ಪಂದ್ಯ ಸೋಲುತ್ತಾನೆಯೇ ವಿನಾ ಪಟ್ಟ ಕಳೆದುಕೊಳ್ಳುವುದಿಲ್ಲ. ಮೋಸಗಾರನಿಗೆ ಬಹುಮಾನ ಕೊಡುವುದಕ್ಕೆಂದೇ ಹೆಣೆದ ಈ ನಿಯಮವನ್ನು ಅಭಿಮಾನಿಗಳು ಪವಿತ್ರವೆಂದು ಒಪ್ಪಿದ್ದಾರೆ. ಅದರಂತೆ ಒಬ್ಬ ಮೋಸ ಮಾಡಿದಾಗ ಮಾತ್ರ ನೊಂದುಕೊಳ್ಳುತ್ತಾರೆ.

ಹಳೆಯ ಕಾಲದವರು ಇದಕ್ಕಿಂತ ಚೊಕ್ಕಟವಾಗಿ ಅನ್ಯಾಯ ಮಾಡುತ್ತಿದ್ದರು. 1988ರ ಫೆಬ್ರವರಿ 5ರಂದು ಇಂಡಿಯಾನಾಪೊಲಿಸ್‌ನಲ್ಲಿ ಹಲ್ಕ್ ಹೋಗನ್ ಮತ್ತು ದೈತ್ಯ ಆಂಡ್ರೆ ನಡುವೆ ನಡೆದ ಪಂದ್ಯವನ್ನು ಎನ್‌ಬಿಸಿ ವಾಹಿನಿಯಲ್ಲಿ ಸುಮಾರು 3.3 ಕೋಟಿ ಜನ ನೋಡಿದರು. ಒಂದು ಎನ್ನುವಷ್ಟರಲ್ಲೇ ಹೋಗನ್‌ನ ಭುಜ ಮೇಲಿತ್ತು. ರೆಫರಿ ಮೂರರವರೆಗೆ ಎಣಿಸಿಯೇಬಿಟ್ಟ. ಗೆದ್ದ ಆಂಡ್ರೆ ಅಲ್ಲೇ ನಿಂತು ಪಟ್ಟವನ್ನು ‘ಮಿಲಿಯನ್ ಡಾಲರ್ ಮ್ಯಾನ್’ ಟೆಡ್ ಡಿಬಿಯಾಸಿಗೆ ಒಪ್ಪಿಸಿದ, ಅದೂ ಅವಸರದಲ್ಲಿ ಜೋಡಿ ಪಂದ್ಯದ ಪಟ್ಟವೆಂದು ತಪ್ಪು ಹೆಸರು ಹೇಳಿ. ಅಷ್ಟರಲ್ಲಿ ರಿಂಗಿನೊಳಗೆ ಒಂದೇ ಮುಖದ ಎರಡನೆಯ ರೆಫರಿ ಪ್ರತ್ಯಕ್ಷನಾದ. ಡೇವ್ ಹೆಬ್ನರ್ ಮತ್ತು ಅರ್ಲ್ ಹೆಬ್ನರ್ ನಿಜವಾಗಿಯೂ ಅವಳಿಗಳು. ಹೀಗಿದ್ದೂ ಪ್ಲಾಸ್ಟಿಕ್ ಸರ್ಜರಿಗೆ ಎಷ್ಟು ಹಣ ಸುರಿದರೋ ಎಂದು ಹೋಗನ್ ಹುಬ್ಬೇರಿಸಿದ. ನಿಜವಾದ ಅವಳಿಗಿಂತ ಸುಳ್ಳು ಸರ್ಜರಿಯೇ ನಂಬಲು ಹಿತವಾಗಿತ್ತು. ನನಗೆ ಇದೆಲ್ಲಕ್ಕಿಂತ ಇಷ್ಟವಾಗುವುದು ವೀಕ್ಷಕ ವಿವರಣೆಯ ಮೇಜು. ಅಲ್ಲಿ ಕುಳಿತು ಈ ಘೋರ ವಂಚನೆಯನ್ನು ಲೋಕಕ್ಕೆ ಬಣ್ಣಿಸುತ್ತಿದ್ದ ವಿನ್ಸ್ ಮೆಕ್‌ಮಹನ್ ಈ ಪಂದ್ಯ ನಡೆಸಿದ ಸಂಸ್ಥೆಯ ಆಗಿನ ಮಾಲೀಕ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಕಲೆಯನ್ನು ಅಷ್ಟು ದೊಡ್ಡ ವೇದಿಕೆಯ ಮೇಲೆ ಇನ್ನಾರೂ ಪ್ರದರ್ಶಿಸಿರಲಿಕ್ಕಿಲ್ಲ. ಬಳಿಕ ಜ್ಯಾಕ್ ಟನ್ನಿ ಎಂಬ, ತೆರೆಯ ಮೇಲಷ್ಟೇ ಅಧಿಕಾರವಿದ್ದ ‘ಅಧ್ಯಕ್ಷರು’ ವಿಚಾರಣೆ ನಡೆಸಿದವರಂತೆ ಗಂಭೀರವಾಗಿ ಪಟ್ಟ ಖಾಲಿಯಾಗಿದೆ ಎಂದು ಸಾರಿದರು. ಮಾರ್ಚ್ 27ರ ಟೂರ್ನಿಯಲ್ಲಿ ಅದು ರ್‍ಯಾಂಡಿ ಸ್ಯಾವೇಜ್ ಪಾಲಾಯಿತು. ಅಂದರೆ ಒಂದೇ ಭುಜದ ಅನ್ಯಾಯವನ್ನು ಒಂದು ಇಡೀ ರಾತ್ರಿಯ ಟಿಕೆಟ್ಟಾಗಿ ಮಾರಲಾಯಿತು.

ಈ ಕಸುಬಿನಲ್ಲಿ ತಕರಾರಿನ ಮುಕ್ತಾಯಕ್ಕೆ ‘ಡಸ್ಟಿ ಫಿನಿಶ್’ ಎಂಬ ಹೆಸರೇ ಇದೆ. ಸವಾಲು ಹಾಕಿದವನು ಗೆದ್ದ, ಪಟ್ಟ ಎತ್ತಿ ಹಿಡಿದ, ಜನ ಕುಣಿದರು. ಅಷ್ಟರಲ್ಲಿ ಪೆಟ್ಟು ತಿಂದು ಬಿದ್ದಿದ್ದ ಮೊದಲ ರೆಫರಿ ಎದ್ದು, ಇಲ್ಲ, ಅದಕ್ಕೂ ಮೊದಲೇ ಪಂದ್ಯ ಮುಗಿದಿತ್ತು ಎನ್ನುತ್ತಾನೆ. ಪಂದ್ಯಗಳ ಕಥೆಯನ್ನು ತಾನೇ ಹೆಣೆಯುತ್ತಿದ್ದ ಡಸ್ಟಿ ರೋಡ್ಸ್ 1985ರ ವಾರ್ಷಿಕ ಪ್ರದರ್ಶನ ಸ್ಟಾರ್‌ಕೇಡ್‌ನಲ್ಲಿ ರಿಕ್ ಫ್ಲೇರ್ ಎದುರು ಗೆದ್ದು, ಆಮೇಲೆ ಆ ಗೆಲುವನ್ನು ಹೀಗೆಯೇ ಕಳೆದುಕೊಂಡ. ತನಗಾಗುವ ಅನ್ಯಾಯವನ್ನು ತಾನೇ ಬರೆದು, ತಾನೇ ಅನುಭವಿಸಿ, ಅದಕ್ಕೆ ಜನರ ಕಣ್ಣೀರನ್ನೂ ಸಂಪಾದಿಸಿದ ಆ ಮಹಾನುಭಾವನ ಮುಂದೆ ವೃತ್ತಿಪರ ರಾಜಕಾರಣಿಗಳೂ ತಲೆಬಾಗಬೇಕು. ಅಭಿಮಾನಿಯ ಕೋಪ ಈ ಉದ್ಯಮಕ್ಕೆ ಕಚ್ಚಾ ಸಾಮಗ್ರಿ. ಇಂದು ಕೆರಳಿದವನು ಮುಂದಿನ ತಿಂಗಳು ನ್ಯಾಯ ಸಿಗುವುದನ್ನು ನೋಡಲು ಮತ್ತೆ ಹಣ ಕೊಡುತ್ತಾನೆ. 2013ರ ಸೆಪ್ಟೆಂಬರ್ 15ರಂದು ಡ್ಯಾನಿಯಲ್ ಬ್ರಯನ್ ಎದುರು ರ್‍ಯಾಂಡಿ ಆರ್ಟನ್ ಸೋತಾಗ ರೆಫರಿ ಸ್ಕಾಟ್ ಆರ್ಮ್‌ಸ್ಟ್ರಾಂಗ್ ವಿಪರೀತ ವೇಗವಾಗಿ ಎಣಿಸಿದನೆಂಬ ಕಾರಣ ಕೊಟ್ಟು, ಮರುರಾತ್ರಿಯೇ ಬ್ರಯನ್‌ನಿಂದ ಪಟ್ಟ ಕಿತ್ತುಕೊಂಡರು. ಮೂರು ಬಾರಿ ನೆಲ ತಟ್ಟಲು ನ್ಯಾಯಸಮ್ಮತವಾಗಿ ಎಷ್ಟು ಹೊತ್ತು ಬೇಕು ಎಂಬುದು ಯಾವ ನಿಯಮದಲ್ಲೂ ಇಲ್ಲವಾದ್ದರಿಂದ ಆ ಚರ್ಚೆಗೆ ಕೊನೆಯೂ ಇರಲಿಲ್ಲ.

ಇಷ್ಟೆಲ್ಲದರ ನಡುವೆ ನಿಜವಾದ ತಕರಾರು ನಡೆದದ್ದು 1997ರ ನವೆಂಬರ್ 9ರಂದು, ಕೆನಡಾದ ಮಾಂಟ್ರಿಯಲ್‌ನಲ್ಲಿ. ಬ್ರೆಟ್ ಹಾರ್ಟ್ ಪ್ರತಿಸ್ಪರ್ಧಿ ಸಂಸ್ಥೆ ಡಬ್ಲ್ಯುಸಿಡಬ್ಲ್ಯುವಿಗೆ ಹೊರಟಿದ್ದ. ಪಟ್ಟ ಇನ್ನೂ ಅವನ ಬಳಿಯಿತ್ತು. ತನ್ನ ದೇಶದಲ್ಲಿ ಶಾನ್ ಮೈಕಲ್ಸ್ ಎದುರು ಸೋಲಲು ಅವನು ಒಪ್ಪಲಿಲ್ಲ. ಗದ್ದಲವೆದ್ದು ಪಂದ್ಯ ಅನರ್ಹತೆಯಲ್ಲಿ ಮುಗಿಯುವುದೆಂದು ಅವನೊಂದಿಗೆ ಮಾತಾಗಿತ್ತು. ಆದರೆ ಮೈಕಲ್ಸ್ ಹಾರ್ಟ್‌ನದೇ ಕುಸ್ತಿ ಪಟ್ಟಾದ ‘ಶಾರ್ಪ್‌ಶೂಟರ್’ ಹಾಕಿ ಅವನ ಕಾಲು ತಿರುಚಿದ ಕೂಡಲೇ, ಹಾರ್ಟ್ ಸೋಲೊಪ್ಪದಿದ್ದರೂ ರೆಫರಿ ಅರ್ಲ್ ಹೆಬ್ನರ್ ಸನ್ನೆ ಮಾಡಿದ, ರಿಂಗಿನ ಪಕ್ಕ ನಿಂತಿದ್ದ ಮೆಕ್‌ಮಹನ್ ಗಂಟೆ ಬಾರಿಸಲು ಕೂಗಿದ. ಹಾರ್ಟ್ ಮಾಲೀಕನ ಮುಖಕ್ಕೆ ಉಗಿದ, ಹೊಸ ಸಂಸ್ಥೆಯ ಹೆಸರನ್ನು ಗಾಳಿಯಲ್ಲಿ ಬೆರಳಿನಿಂದ ಬರೆದ, ಆಮೇಲೆ ಒಳಗೆ ಹೋಗಿ ಅವನಿಗೆ ನಿಜವಾದ ಗುದ್ದನ್ನೇ ಕೊಟ್ಟ. ಕೆಲವೇ ದಿನಗಳಲ್ಲಿ ಮೆಕ್‌ಮಹನ್ ಟಿವಿಯಲ್ಲಿ ಕುಳಿತು, ಬ್ರೆಟ್‌ಗೆ ಮೋಸ ಮಾಡಿದ್ದು ಬ್ರೆಟ್ಟೇ ಎಂದ.

ಇಲ್ಲಿಯೂ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವಂಚನೆಯಾದದ್ದು ಪಂದ್ಯದಲ್ಲಲ್ಲ, ಒಪ್ಪಿಕೊಂಡಿದ್ದ ಒಂದು ಸುಳ್ಳು ಮುಕ್ತಾಯದ ಜಾಗದಲ್ಲಿ ಇನ್ನೊಂದು ಸುಳ್ಳು ಮುಕ್ತಾಯವನ್ನು ಇಟ್ಟದ್ದರಲ್ಲಿ. ಆದರೂ ಕೆನಡಾದ ಸಭಾಂಗಣಗಳಲ್ಲಿ ಮೈಕಲ್ಸ್‌ನನ್ನು ವರ್ಷಗಟ್ಟಲೆ ಹೀಯಾಳಿಸಿದರು, ಮತ್ತು ಈ ಸಲ ಅವರ ಕೋಪಕ್ಕೆ ಕಾರಣವಿತ್ತು ಎಂದು ನಾನೂ ಒಪ್ಪುತ್ತೇನೆ. ಸಂಸ್ಥೆಯೂ ಒಪ್ಪಿತು, ತನ್ನದೇ ರೀತಿಯಲ್ಲಿ: ಸುಮಾರು ಒಂದು ವರ್ಷದ ನಂತರ ಅದೇ ಪಟ್ಟು, ಅದೇ ಗಂಟೆ, ಅದೇ ಮಾಲೀಕನನ್ನು ಇಟ್ಟುಕೊಂಡು ‘ರಾಕ್’ ಮತ್ತು ‘ಮ್ಯಾನ್‌ಕೈಂಡ್’ ನಡುವಿನ ಪಟ್ಟದ ಪಂದ್ಯವನ್ನು ಹಾಗೆಯೇ ಮುಗಿಸಿ, ಗಾಯವನ್ನು ಕಥೆಯಾಗಿ ಮಾರಿತು. ಇದರ ಫಲವಾಗಿ ಈಗ ಅಭಿಮಾನಿಗಳಲ್ಲಿ ಅತಿ ಬುದ್ಧಿವಂತರೆನಿಸಿಕೊಂಡ ಒಂದು ಪಂಗಡ, ಮಾಂಟ್ರಿಯಲ್ ಕೂಡ ಹಾರ್ಟ್‌ನ ಒಪ್ಪಿಗೆಯಿಂದಲೇ ಬರೆದ ನಾಟಕ, ಆ ಉಗುಳೂ ಆ ಗುದ್ದೂ ಕಥೆಯ ಭಾಗ ಎಂದು ಸಾಧಿಸುತ್ತದೆ. ಸುಳ್ಳು ಎಣಿಕೆಯಲ್ಲಿ ಅನ್ಯಾಯವನ್ನು ಕಂಡು ನಿದ್ದೆಗೆಟ್ಟವರೇ, ನಿಜವಾದ ಅನ್ಯಾಯ ಕಣ್ಣೆದುರು ನಡೆದಾಗ ಅದನ್ನು ಸುಳ್ಳೆಂದು ಪತ್ತೆಹಚ್ಚಿ ನೆಮ್ಮದಿಯಾಗಿ ಮಲಗಿದರು.

ಸ್ಯಾಕ್ರಮೆಂಟೊದ ಗಲಾಟೆಗೆ ಪರಿಹಾರವನ್ನೂ ಸಂಸ್ಥೆ ಒದಗಿಸದೆ ಇರಲಿಲ್ಲ. ಅದೇ ಅಕ್ಟೋಬರ್ 31ರಂದು ರಿಯಾದ್‌ನಲ್ಲಿ ಅದೇ ಇಬ್ಬರ ನಡುವೆ ಮತ್ತೊಂದು ಪಂದ್ಯವನ್ನು ಏರ್ಪಡಿಸಿ, ಈ ಪಂದ್ಯವನ್ನು ಯಾವ ಕಾರಣಕ್ಕೂ ನಿಲ್ಲಿಸುವಂತಿಲ್ಲ ಎಂಬ ಷರತ್ತನ್ನು ಮೊದಲೇ ಘೋಷಿಸಿದರು. ನಿಯಮವಿಲ್ಲದ ಪಂದ್ಯಕ್ಕೆ, ನಿಯಮವಿಲ್ಲ ಎಂಬುದನ್ನು ಈ ಸಲ ಪಾಲಿಸಲಾಗುವುದು ಎಂಬ ಹೊಸ ನಿಯಮ. ಪಂದ್ಯ ನಿಲ್ಲಲಿಲ್ಲ, ವಯಟ್ ಗೆದ್ದ, ನ್ಯಾಯ ದೊರಕಿತು. ನಾಲ್ಕು ತಿಂಗಳೂ ಕಳೆಯಲಿಲ್ಲ, 2020ರ ಫೆಬ್ರವರಿ 27ರಂದು ಅದೇ ಊರಿನಲ್ಲಿ 53 ವರ್ಷದ ಗೋಲ್ಡ್‌ಬರ್ಗ್ ಬಂದು ಸುಮಾರು ಮೂರು ನಿಮಿಷದಲ್ಲಿ ವಯಟ್‌ನನ್ನು ನೆಲಕ್ಕೆ ಕೆಡವಿ ಪಟ್ಟ ಹೊತ್ತೊಯ್ದ. ಭುಜಗಳೆರಡೂ ನೆಲಕ್ಕಂಟಿದ್ದವು, ಕಾಲು ಹಗ್ಗದ ಹತ್ತಿರವೂ ಇರಲಿಲ್ಲ, ಹೊರಗಿನವರಾರೂ ನುಗ್ಗಲಿಲ್ಲ, ರೆಫರಿ ಒಂದು, ಎರಡು, ಮೂರು ಎಂದು ಸಾವಕಾಶವಾಗಿ ಎಣಿಸಿದ. ತಕರಾರಿಗೆ ಎಲ್ಲಿಯೂ ಎಡೆಯಿಲ್ಲದ ಆ ಮುಕ್ತಾಯವನ್ನು ಅಭಿಮಾನಿಗಳು ಆ ವರ್ಷದ ಮಹಾ ಅನ್ಯಾಯವೆಂದು ಕರೆದರು.